ಎತ್ತರವಲ್ಲ, ಇಳಿಯುವ ಬಗೆ

2025ರ ಫೆಬ್ರವರಿ ಕೊನೆಯಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಕಿಂಗ್ಡಾ ಕಾ ಎಂಬ ರೋಲರ್ ಕೋಸ್ಟರನ್ನು ಸಿಡಿಮದ್ದಿಟ್ಟು ಕೆಡವಿದರು. 139 ಮೀಟರ್ ಎತ್ತರದ್ದು. ಸುಮಾರು ಇಪ್ಪತ್ತು ವರ್ಷ ಜಗತ್ತಿನಲ್ಲೇ ಅತಿ ಎತ್ತರದ ಕೋಸ್ಟರ್ ಅದೇ ಆಗಿತ್ತು. ಅದು ನೆಲಕ್ಕೆ ಬೀಳುವ ವಿಡಿಯೋ ನಮ್ಮ ಹಾಸನದ ಗೆಳೆಯರ ವಾಟ್ಸಾಪ್ ಗುಂಪಿಗೂ ಬಂತು. "ನೋಡೋ, ನಿನ್ನ ದೇವಸ್ಥಾನ ಬಿದ್ದೋಯ್ತು" ಅಂತ ಒಬ್ಬ ಬರೆದ. ಇನ್ನೊಬ್ಬ ಕೈಮುಗಿಯುವ ಚಿತ್ರ ಹಾಕಿದ. ಅವರಿಗೆ ನನ್ನ ಕೋಸ್ಟರ್ ಹುಚ್ಚು ಹೊಸದಲ್ಲ. ಊರಿಗೆ ಜಾತ್ರೆ ಬಂದರೆ ತೊಟ್ಟಿಲು, ಕೊಲಂಬಸ್ ಹತ್ತದೆ ಮನೆಗೆ ಬರುವವನಲ್ಲ ನಾನು. ರಾತ್ರಿ ಊಟ ಆದಮೇಲೆ ಯಾವುದೋ ದೇಶದ ಕೋಸ್ಟರಿನ ನಕ್ಷೆ ಬಿಡಿಸಿಕೊಂಡು ಕೂರುವವನು.

ಆದರೆ ಆ ವಿಡಿಯೋ ನೋಡಿ ನನಗೆ ಅಂಥ ದುಃಖ ಆಗಲಿಲ್ಲ. ಅದೇ ಪಾರ್ಕಿನಲ್ಲಿರುವ ಎಲ್ ಟೋರೋ ಎಂಬ ಮರದ ಕೋಸ್ಟರನ್ನು ಕೆಡವಿದ್ದರೆ ಎರಡು ದಿನ ನಿದ್ದೆ ಬರುತ್ತಿರಲಿಲ್ಲ. ಎರಡನ್ನೂ ನಾನು ಹತ್ತಿಲ್ಲ. ಆದರೂ ಒಂದರ ಮೇಲೆ ಇಷ್ಟು ಪ್ರೀತಿ, ಇನ್ನೊಂದರ ಮೇಲೆ ಬರೀ ಗೌರವ. ಯಾಕೆ ಅಂತ ಅವತ್ತಿನಿಂದ ತಲೆಯಲ್ಲಿ ಕೊರೆಯುತ್ತಾ ಇದೆ.

ಕೋಸ್ಟರ್ ಅಂದ ಕೂಡಲೇ ಜನ ಕೇಳುವುದು ಮೂರೇ ಪ್ರಶ್ನೆ. ಎಷ್ಟು ಎತ್ತರ? ಎಷ್ಟು ಸ್ಪೀಡು? ಎಷ್ಟು ಸಲ ತಲೆಕೆಳಗಾಗುತ್ತೆ? ಪಾರ್ಕಿನವರೂ ಬೋರ್ಡಿನಲ್ಲಿ ಅದನ್ನೇ ದೊಡ್ಡದಾಗಿ ಬರೆಸುತ್ತಾರೆ. ಅಳೆಯಲು ಸುಲಭವಾದದ್ದು ಅವು ಮೂರೇ. ಕಿಂಗ್ಡಾ ಕಾ ಮೂರೂವರೆ ಸೆಕೆಂಡಿನಲ್ಲಿ ಗಂಟೆಗೆ 206 ಕಿ.ಮೀ. ವೇಗ ಮುಟ್ಟುತ್ತಿತ್ತು. ನೆಟ್ಟಗೆ ಮೇಲೆ, ಸುರುಳಿ ತಿರುಗುತ್ತಾ ಕೆಳಗೆ, ಆಮೇಲೆ ಒಂದು ದಿಬ್ಬ. ಮುಗಿಯಿತು. ಎಲ್ಲ ಸೇರಿ ಅರ್ಧ ನಿಮಿಷವೂ ಇಲ್ಲ. ಅದನ್ನು ಕಟ್ಟಿದ ಇಂಟಾಮಿನ್ ಕಂಪನಿಯೇ ಮರುವರ್ಷ, 2006ರಲ್ಲಿ, ಅಲ್ಲೇ ಎಲ್ ಟೋರೋ ಕಟ್ಟಿತು. ಎತ್ತರ ಬರೀ 55 ಮೀಟರ್. ನೂರಾರು ಕೋಸ್ಟರ್ ಹತ್ತಿದವರನ್ನು ಆ ಪಾರ್ಕಿಗೆ ಬಿಟ್ಟರೆ ಹೆಚ್ಚಿನವರು ಮತ್ತೆ ಮತ್ತೆ ಹೋಗಿ ನಿಲ್ಲುತ್ತಿದ್ದುದು ಎಲ್ ಟೋರೋ ಸಾಲಿನಲ್ಲಿ. ಎರಡನ್ನೂ ಕಟ್ಟಿದ ಕೈ ಒಂದೇ, ಕಟ್ಟಿದ ಜಾಗ ಒಂದೇ. ಹಾಗಾದರೆ ವ್ಯತ್ಯಾಸ ಎಲ್ಲಿದೆ?

ಸೀಟು ಬಿಟ್ಟು ಮೇಲೇಳುವ ಕ್ಷಣ

ನನ್ನ ಉತ್ತರ ಏರ್‌ಟೈಮ್. ಕೋಸ್ಟರ್ ಪ್ರಿಯರು ಒಂದು ರೈಡಿನ ಬಗ್ಗೆ ಮಾತಾಡುವಾಗ ಮೊದಲು ಕೇಳುವುದು ಇದನ್ನೇ. ರೈಲು ದಿಬ್ಬದ ತುದಿ ದಾಟುವಾಗ ನಿಮ್ಮ ಮೈ ಬಂದ ವೇಗದಲ್ಲೇ ಮೇಲಕ್ಕೆ ಹೋಗುತ್ತಿರುತ್ತದೆ. ಅಷ್ಟರಲ್ಲಿ ಹಳಿ ಕೆಳಕ್ಕೆ ಬಾಗಿಬಿಡುತ್ತದೆ. ಸೀಟು ನಿಮ್ಮನ್ನು ಬಿಟ್ಟು ಇಳಿಯುತ್ತದೆ. ಒಂದೆರಡು ಸೆಕೆಂಡು ನಿಮಗೆ ತೂಕ ಇರುವುದಿಲ್ಲ. ದಿಬ್ಬ ಉದ್ದಕ್ಕೆ, ನಯವಾಗಿ ಬಾಗಿದ್ದರೆ ಮೈ ಸುಮ್ನೆ ತೇಲುತ್ತದೆ. ಅದು ಫ್ಲೋಟರ್. ಬಾಗು ಚೂಪಾಗಿದ್ದರೆ ತೊಡೆಯ ಮೇಲಿನ ಕಂಬಿ ಹಿಡಿಯದಿದ್ದರೆ ಆಚೆಗೇ ಎಸೆಯುತ್ತದೆ ಅನ್ನಿಸುತ್ತದೆ. ಅದು ಇಜೆಕ್ಟರ್. ಎಲ್ ಟೋರೋ ಇಜೆಕ್ಟರಿಗೆ ಹೆಸರುವಾಸಿ. ನನಗೆ ಫ್ಲೋಟರ್ ಜಾಸ್ತಿ ಇಷ್ಟ. ಈ ವಿಷಯದಲ್ಲಿ ನಮ್ಮಂಥವರ ನಡುವೆ ಜಗಳ ಮುಗಿಯುವುದೇ ಇಲ್ಲ.

ಇದಕ್ಕೆ ದಾರಿ ಮಾಡಿಕೊಟ್ಟವರಲ್ಲಿ ದೊಡ್ಡ ಹೆಸರು ಅಮೆರಿಕದ ಜಾನ್ ಮಿಲ್ಲರ್. ನೂರು ವರ್ಷದ ಹಿಂದಿನವರು. ಅದಕ್ಕೂ ಮುಂಚೆ ಹೆಚ್ಚಿನ ಕೋಸ್ಟರ್ ಬಂಡಿಗಳು ಹಳಿಯ ಮೇಲೆ ಕೂತಿರುತ್ತಿದ್ದವು, ಅಷ್ಟೆ. ದಿಬ್ಬದ ಮೇಲೆ ಜೋರಾಗಿ ಹೋದರೆ ಹಳಿ ಬಿಟ್ಟು ಎದ್ದೇ ಹೋಗುವ ಭಯ. ಹಾಗಾಗಿ ದಿಬ್ಬಗಳೆಲ್ಲ ಮೆತ್ತಗೆ. ಹಳಿಯನ್ನು ಕೆಳಗಿನಿಂದಲೂ ಹಿಡಿದುಕೊಳ್ಳುವ ಚಕ್ರವನ್ನು ಮಿಲ್ಲರ್ ತಂದರು. ಆಮೇಲೆ ದಿಬ್ಬವನ್ನು ಎಷ್ಟು ಚೂಪಾಗಿ ಬೇಕಾದರೂ ಬಾಗಿಸಬಹುದಾಯಿತು. ಯಾವ ಬೋರ್ಡಿನಲ್ಲೂ ಆ ಚಕ್ರದ ಸುದ್ದಿ ಇಲ್ಲ. ಆದರೆ ಇವತ್ತು ನಾವು ಕೂಗಿಕೊಳ್ಳುವ ಮುಕ್ಕಾಲು ಪಾಲು ಜಾಗ ಆ ಚಕ್ರದಿಂದ ಬಂದದ್ದು.

ಎತ್ತರದ ಮಾತು ಬಂದಾಗಲೆಲ್ಲ ನನಗೆ ಪೆನ್ಸಿಲ್ವೇನಿಯಾದ ಫೀನಿಕ್ಸ್ ಎಂಬ ಮರದ ಕೋಸ್ಟರ್ ನೆನಪಾಗುತ್ತದೆ. 1947ರಲ್ಲಿ ಟೆಕ್ಸಸ್‌ನ ಸ್ಯಾನ್ ಆಂಟೋನಿಯೋದಲ್ಲಿ ರಾಕೆಟ್ ಎಂಬ ಹೆಸರಿನಲ್ಲಿ ಕಟ್ಟಿದ್ದು. ಪಾರ್ಕ್ ಮುಚ್ಚಿದ ಮೇಲೆ ಸುಮ್ನೆ ನಿಂತಿತ್ತು. ನೋಬೆಲ್ಸ್ ಎಂಬ ಪಾರ್ಕಿನವರು ಅದನ್ನು ಬಿಚ್ಚಿ, ಸಾವಿರಾರು ಕಿಲೋಮೀಟರ್ ದೂರ ಸಾಗಿಸಿ, 1985ರಲ್ಲಿ ಮತ್ತೆ ಓಡಿಸಿದರು. ಎತ್ತರ 24 ಮೀಟರ್ ಅಷ್ಟೆ. ಅಂಥದ್ದಕ್ಕೆ ಆ ಕ್ಷೇತ್ರದ ದೊಡ್ಡ ಗೌರವವಾದ ಗೋಲ್ಡನ್ ಟಿಕೆಟ್‌ನಲ್ಲಿ ಅತ್ಯುತ್ತಮ ಮರದ ಕೋಸ್ಟರ್ ಎಂಬ ಪಟ್ಟ 2018ರಿಂದೀಚೆಗೆ ಹಲವು ಸಲ ಸಿಕ್ಕಿದೆ. ಕೊನೆಯಲ್ಲಿ ಸಾಲಾಗಿ ಬರುವ ಪುಟ್ಟ ದಿಬ್ಬಗಳು, ಒಂದು ಸೀಟಿನವರಿಗೆಲ್ಲ ಸೇರಿ ಒಂದೇ ಸಡಿಲ ಕಂಬಿ. ಅಷ್ಟರಲ್ಲೇ ಅದರ ಮಾಯೆ ಇದೆ. ಒಂದಲ್ಲ ಒಂದು ದಿನ ಅಲ್ಲಿಗೆ ಹೋಗಲೇಬೇಕು ಅಂತ ನನ್ನ ಆಸೆ.

ಚಾರ್ಮಾಡಿ ಘಾಟಿಯ ಬಸ್ಸು

ಈ ರುಚಿ ನನಗೆ ಹತ್ತಿದ್ದು ಪಾರ್ಕಿನಲ್ಲಲ್ಲ, ಬಸ್ಸಿನಲ್ಲಿ. ನಮ್ಮದು ಮೂಡಿಗೆರೆ ಕಡೆಯ ಊರು. ಅಮ್ಮನ ತಮ್ಮ, ನನ್ನ ಮಾವ, ಧರ್ಮಸ್ಥಳದ ಕಡೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ರಜೆ ಬಂತೆಂದರೆ ನನಗೆ ಅದೇ ಪ್ರವಾಸ. ಬಣಕಲ್ ದಾಟಿ ಕೊಟ್ಟಿಗೆಹಾರದಲ್ಲಿ ಬಸ್ ನಿಲ್ಲುತ್ತಿತ್ತು. ನೀರ್ ದೋಸೆ ತಿಂದು ಮುಗಿಸುವ ಹೊತ್ತಿಗೆ ಮಾವ ಕೇಳುತ್ತಿದ್ದರು. "ಇವತ್ತು ಎಲ್ಲಿ ಕೂರ್ತೀಯ ಮರಿ? ಮುಂದೆ ಕೂತ್ರೆ ಕಣ್ಣಿಗೆ ಹಬ್ಬ, ಹಿಂದೆ ಕೂತ್ರೆ ಹೊಟ್ಟೆಗೆ ಹಬ್ಬ." ನಾನು ಒಂದೊಂದು ಸಲ ಒಂದೊಂದು ಹೇಳುತ್ತಿದ್ದೆ. ಮುಂದೆ ಎಂದರೆ ಡ್ರೈವರ್ ಪಕ್ಕದ ಎಂಜಿನ್ ಬಾನೆಟ್ ಹತ್ತಿರದ ಸೀಟು. ಹಿಂದೆ ಎಂದರೆ ಕೊನೆಯ ಉದ್ದನೆಯ ಸೀಟಿನ ನಟ್ಟನಡುವೆ. ಎದುರಿಗೆ ಹಿಡಿದುಕೊಳ್ಳಲು ಏನೂ ಇಲ್ಲದ ಜಾಗ.

ಮುಂದೆ ಕೂತಾಗ ಆಗುತ್ತಿದ್ದುದು ಇದು. ಬಸ್ಸಿನ ಮೂತಿ ಮುಂದಿನ ಚಕ್ರಕ್ಕಿಂತ ಮುಂದೆ ಚಾಚಿರುತ್ತದಲ್ವಾ? ಹೇರ್‌ಪಿನ್ ತಿರುವಿನಲ್ಲಿ ಚಕ್ರ ರಸ್ತೆಯ ಮೇಲೇ ಇರುತ್ತದೆ, ನಾವು ಮಾತ್ರ ತಡೆಗೋಡೆ ದಾಟಿ ಕಣಿವೆಯ ಮೇಲೆ ಹೋಗಿರುತ್ತೇವೆ. ಗಾಜಿನಾಚೆ ಬರೀ ಮಂಜು, ಕೆಳಗೆ ಕಾಡು. ಮೈಗೆ ಏನೂ ಆಗುವುದಿಲ್ಲ. ಎಲ್ಲ ಆಗುವುದು ಕಣ್ಣಿಗೆ. ಹಿಂದೆ ಕೂತಾಗ ಕಣಿವೆ ಕಾಣುವುದೇ ಇಲ್ಲ. ಆದರೆ ಆ ಸೀಟು ಹಿಂದಿನ ಚಕ್ರಗಳಿಗಿಂತ ಆಚೆ ಇರುತ್ತದೆ. ಚಕ್ರ ಉಬ್ಬು ಹತ್ತಿ ಇಳಿದರೆ ಬಸ್ಸಿನ ಬಾಲ ಮೇಲಕ್ಕೆ ಎತ್ತಿ ಒಗೆಯುತ್ತದೆ. ನಾನು ಸೀಟಿನಿಂದ ಒಂದಡಿ ಮೇಲೆ. ಪಕ್ಕದಲ್ಲಿ ಕೂತ ಅಜ್ಜಿಯರು "ಅಯ್ಯೋ ಶಿವನೇ" ಅನ್ನುತ್ತಿದ್ದರು. ನನಗೆ ನಗು ತಡೆಯಲು ಆಗುತ್ತಿರಲಿಲ್ಲ.

ಆಮೇಲೆ ಕೋಸ್ಟರ್ ಹತ್ತಲು ಶುರು ಮಾಡಿದಾಗ ಇದೇ ಭೇದ ಅಲ್ಲೂ ಸಿಕ್ಕಿತು. ಕಾರಣ ಬೇರೆ. ರೈಲಿನ ಮುಂದಿನ ಸಾಲು ದಿಬ್ಬದ ತುದಿ ದಾಟುವಾಗ ಹಿಂದಿನ ಬೋಗಿಗಳು ಇನ್ನೂ ಏರುತ್ತಿರುತ್ತವೆ. ಅವುಗಳ ಭಾರ ಎಳೆಯುತ್ತದೆ. ಹಾಗಾಗಿ ಮುಂದಿನವರು ತುದಿಯಾಚೆ ಒಂದು ಗಳಿಗೆ ನೇತಾಡುತ್ತಾರೆ, ಪೂರ್ತಿ ಇಳಿಜಾರು ನೋಡುತ್ತಾರೆ. ಹಿಂದಿನ ಸಾಲು ತುದಿಗೆ ಬರುವ ಹೊತ್ತಿಗೆ ರೈಲಿನ ಹೆಚ್ಚು ಭಾಗ ಆಗಲೇ ಕೆಳಗೆ ಓಡುತ್ತಿರುತ್ತದೆ. ತುದಿಯ ಮೇಲಿಂದ ಅವರನ್ನು ಜಗ್ಗಿ ಎಳೆದುಕೊಂಡು ಹೋಗುತ್ತದೆ. ಮೊದಲ ಇಳಿತದ ಏರ್‌ಟೈಮ್ ಬೇಕಾದರೆ ಹಿಂದೆಯೇ ಕೂರಬೇಕು. ಮಾವ ಹೇಳಿದ ಕಣ್ಣು ಮತ್ತು ಹೊಟ್ಟೆಯ ಲೆಕ್ಕ ಇಲ್ಲೂ ಚೂರೂ ತಪ್ಪುವುದಿಲ್ಲ.

ಘಾಟಿಯಲ್ಲಿ ಕಲಿತದ್ದು ಇನ್ನೊಂದಿದೆ. ಬಸ್ ಒಂದೇ ಸಮನೆ ಓಡುತ್ತಿರಲಿಲ್ಲ. ಎದುರಿನಿಂದ ಲಾರಿ ಬಂದರೆ ನಿಲ್ಲಬೇಕು. ಅಣ್ಣಪ್ಪ ಸ್ವಾಮಿ ಗುಡಿ ಬಂದಾಗ ನಿಧಾನ. ಎಲ್ಲರೂ ಕೈಮುಗಿಯುತ್ತಿದ್ದರು, ಕಿಟಕಿಯಿಂದ ಕಾಸು ಹೋಗುತ್ತಿತ್ತು. ಆಮೇಲೆ ಗೇರ್ ಬದಲಾದ ಸದ್ದು ಕೇಳಿದರೆ ಹೊಟ್ಟೆ ತಾನಾಗಿಯೇ ಬಿಗಿಯಾಗುತ್ತಿತ್ತು. ನಿಂತ ಆ ಹೊತ್ತೇ ಮುಂದಿನ ತಿರುವಿಗೆ ಬಲ ಕೊಡುತ್ತಿತ್ತು. ಕೋಸ್ಟರ್ ವಿನ್ಯಾಸದಲ್ಲೂ ಇದು ದೊಡ್ಡ ವಿದ್ಯೆ. ಮಹಾರಾಷ್ಟ್ರದ ಖೊಪೋಲಿ ಹತ್ತಿರದ ಇಮ್ಯಾಜಿಕಾ ಪಾರ್ಕಿನ ನೈಟ್ರೋ ನಮ್ಮ ದೇಶದ ದೊಡ್ಡ ಕೋಸ್ಟರ್. 2013ರದ್ದು. ಸ್ವಿಟ್ಜರ್ಲೆಂಡಿನ ಬೊಲ್ಲಿಗರ್ ಮತ್ತು ಮಬಿಲ್ಲಾರ್ಡ್ ಕಂಪನಿ ಮಾಡಿದ್ದು. ಕಾಲ ಕೆಳಗೆ ನೆಲವಿಲ್ಲ, ಐದು ಸಲ ತಲೆಕೆಳಗು. ಬೆಣ್ಣೆಯ ಹಾಗೆ ನಯ. ನನಗೆ ಅದರ ಮೇಲೆ ತುಂಬಾ ಗೌರವವಿದೆ. ಆದರೂ ಇಳಿದು ಬರುವಾಗ ಪ್ರತಿ ಸಲ ಒಂದೇ ಅನ್ನಿಸುತ್ತದೆ. ಒಂದು ತಿರುವು ಮುಗಿಯುವ ಮುಂಚೆ ಇನ್ನೊಂದು ಬರುತ್ತದೆ. ನಡುವೆ ಎಲ್ಲಾದರೂ ಒಂದು ದಿಬ್ಬದ ಮೇಲೆ ಸುಮ್ನೆ ತೇಲಲು ಬಿಟ್ಟಿದ್ದರೆ ಆ ಐದೂ ಬಿಡಿಬಿಡಿಯಾಗಿ ನೆನಪಿನಲ್ಲಿ ಉಳಿಯುತ್ತಿದ್ದವು.

ಕತ್ತು ಉಳಿಸಿದ ಆಕಾರ

ತಲೆಕೆಳಗಾಗುವುದರ ಬಗ್ಗೆಯೂ ಸ್ವಲ್ಪ ಹೇಳಬೇಕು. 1895ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಫ್ಲಿಪ್ ಫ್ಲ್ಯಾಪ್ ಎಂಬ ಲೂಪ್ ಬಂತು. ಪೂರ್ತಿ ದುಂಡಗಿನ ಲೂಪ್. ನೇರ ಹಳಿಯಿಂದ ಬಂಡಿ ಒಮ್ಮೆಲೇ ಆ ವೃತ್ತಕ್ಕೆ ನುಗ್ಗುತ್ತಿತ್ತು. ಆ ಗಳಿಗೆಯಲ್ಲಿ ಮೈ ಮೇಲೆ ಬೀಳುತ್ತಿದ್ದ ಒತ್ತಡ ನಮ್ಮ ತೂಕದ ಹನ್ನೆರಡು ಪಟ್ಟು ಎಂದು ಹೇಳುತ್ತಾರೆ. ಜನರ ಕತ್ತು ಉಳುಕಿತು. ಕೆಲವೇ ವರ್ಷಗಳಲ್ಲಿ ಅದು ಮುಚ್ಚಿತು. ಆಮೇಲೆ ದಶಕಗಳ ಕಾಲ ಲೂಪಿನ ಸಹವಾಸವೇ ಬೇಡ ಅಂತ ಹೆಚ್ಚಿನವರು ದೂರ ಉಳಿದರು. 1976ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್‌ನಲ್ಲಿ ಬಂದ ರೆವಲ್ಯೂಷನ್ ಅದನ್ನು ಬದಲಿಸಿತು. ಕಟ್ಟಿದವರು ಜರ್ಮನಿಯ ಆಂಟನ್ ಶ್ವಾರ್ಜ್‌ಕಾಫ್, ಲೆಕ್ಕ ಹಾಕಿದವರು ವರ್ನರ್ ಸ್ಟೆಂಗೆಲ್. ಆ ಲೂಪ್ ದುಂಡಗಿಲ್ಲ, ನೀರಿನ ಹನಿಯ ಆಕಾರದಲ್ಲಿದೆ. ಕೆಳಗೆ ಅಗಲ, ಮೇಲೆ ಹೋಗುತ್ತಾ ಬಾಗು ಬಿಗಿಯಾಗುತ್ತದೆ. ವೇಗ ಜಾಸ್ತಿ ಇರುವ ಕಡೆ ಬಾಗು ಕಡಿಮೆ, ವೇಗ ಕಡಿಮೆಯಾದ ಮೇಲೆ ಬಾಗು ಜಾಸ್ತಿ. ಒತ್ತಡ ನಿಧಾನಕ್ಕೆ ಏರುತ್ತದೆ, ನಿಧಾನಕ್ಕೆ ಇಳಿಯುತ್ತದೆ. ಇವತ್ತಿನ ದೊಡ್ಡ ಲೂಪ್‌ಗಳೆಲ್ಲ ಇದೇ ದಾರಿಯಲ್ಲಿ ಬಂದವು.

ಈ ಬಾಗು ಸ್ಟೆಂಗೆಲ್‌ಗಿಂತ ಹಳೆಯದು. ರೈಲ್ವೆ ಎಂಜಿನಿಯರುಗಳು ಅದಾಗಲೇ ಬಳಸುತ್ತಿದ್ದರು. ನೇರ ಹಳಿಯಿಂದ ತಿರುವಿಗೆ ಹೋಗುವಾಗ ನಡುವೆ ಒಂದು ತುಂಡನ್ನು ನಿಧಾನವಾಗಿ ಬಾಗುವಂತೆ ಹಾಕುತ್ತಾರೆ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಹಳಿ ನೋಡಿ. 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ, 50 ಅಡಿಗೆ ಒಂದು ಅಡಿ ಇಳಿತ. ಒಂದರ ಹಿಂದೆ ಒಂದು ತಿರುವು. ಕೈಯಲ್ಲಿ ಕಾಫಿ ಲೋಟ ಹಿಡಿದು ಆ ದಾರಿಯಲ್ಲಿ ಇಳಿದಿದ್ದೇನೆ, ಚೆಲ್ಲಿಲ್ಲ. ರೈಲು ನಿಧಾನ ಹೋಗುವುದು ಒಂದು ಕಾರಣ. ತಿರುವು ಧಡಕ್ಕೆಂದು ಶುರುವಾಗದೇ ಇರುವುದು ಇನ್ನೊಂದು. ಹಾಗಾಗಿ ಲೂಪಿನ ಸಂಖ್ಯೆ ಕೇಳಿದರೆ ನನಗೆ ಏನೂ ಅನ್ನಿಸುವುದಿಲ್ಲ. ಪ್ರತಿ ಲೂಪಿಗೂ ಹೇಗೆ ಒಳಗೆ ಹೋಗುತ್ತದೆ, ಹೇಗೆ ಹೊರಗೆ ಬರುತ್ತದೆ ಅನ್ನುವುದರ ಮೇಲೆ ನನ್ನ ಕಣ್ಣು. ಭುಜದ ಮೇಲಿಂದ ಬರುವ ಗಟ್ಟಿ ಕಂಬಿಗೆ ಕಿವಿ ಎರಡೂ ಬಡಿಸಿಕೊಂಡು ಇಳಿದವರಿಗೆ ಈ ಮಾತು ಚೆನ್ನಾಗಿ ಅರ್ಥವಾಗುತ್ತದೆ.

ಮರದ ತುದಿ ದಾಟಬಾರದು

ಈಗ ನನ್ನ ಅಚ್ಚುಮೆಚ್ಚಿನ ಕೋಸ್ಟರ್ ನೆಮೆಸಿಸ್‌ಗೆ ಬರುತ್ತೇನೆ. ಅಕ್ಕ, ಭಾವ ಕೆಲವು ಕಾಲ ಇಂಗ್ಲೆಂಡಿನ ಡರ್ಬಿಯಲ್ಲಿದ್ದರು. ಅಲ್ಲಿಂದ ಆಲ್ಟನ್ ಟವರ್ಸ್ ಪಾರ್ಕ್ ಹತ್ತಿರ. ನಾನು ಹೋದಾಗ ಭಾವ ಅಲ್ಲಿಗೆ ಕರೆದುಕೊಂಡು ಹೋದರು. ಗೇಟು ದಾಟಿ ನಡೆಯುತ್ತಾ ಹೋದರೂ ಕೋಸ್ಟರ್ ಒಂದೂ ಕಾಣುವುದಿಲ್ಲ. ಮರ, ಹುಲ್ಲು, ಹಳೆಯ ಅರಮನೆ. "ಎಲ್ಲೋ ಇದೆ ನಿನ್ನ ನೆಮೆಸಿಸ್?" ಅಂತ ಅಕ್ಕ ಕೇಳಿದಳು. ಅಷ್ಟರಲ್ಲಿ ಕಾಲ ಕೆಳಗಿನಿಂದ ಸದ್ದು ಬಂತು. ಬೇಲಿಯಾಚೆ ಬಗ್ಗಿ ನೋಡಿದರೆ ಬಂಡೆ ಒಡೆದು ಮಾಡಿದ ಗುಂಡಿ. ಅದರೊಳಗೆ ಹಳಿ, ಹಳಿಗೆ ನೇತುಬಿದ್ದ ರೈಲು, ಗಾಳಿಯಲ್ಲಿ ಆಡುತ್ತಿರುವ ಸಾಲು ಸಾಲು ಕಾಲುಗಳು.

ಆ ಪಾರ್ಕಿಗೆ ಒಂದು ಷರತ್ತಿದೆ. ಅಲ್ಲಿ ಕಟ್ಟುವ ರೈಡ್‌ಗಳು ಸುತ್ತಲಿನ ಮರದ ತುದಿಗಿಂತ ಮೇಲೆ ಹೋಗಬಾರದು. ಬೇರೆಯವರಾಗಿದ್ದರೆ ಚಿಕ್ಕದೊಂದು ಕಟ್ಟಿ ಸುಮ್ಮನಾಗುತ್ತಿದ್ದರು. ಅಲ್ಲಿ ವಿನ್ಯಾಸದ ಮುಂದಾಳಾಗಿದ್ದ ಜಾನ್ ವಾರ್ಡ್ಲಿ ನೆಲದೊಳಗೆ ಇಳಿದರು. ಬಂಡೆ ಸಿಡಿಸಿ ಗುಂಡಿ ತೆಗೆದರು. ನೈಟ್ರೋ ಮಾಡಿದ ಕಂಪನಿಯೇ ಹಳಿ ಮಾಡಿಕೊಟ್ಟಿತು. 1994ರಲ್ಲಿ ನೆಮೆಸಿಸ್ ಶುರುವಾಯಿತು. ನೆಲದಿಂದ ಎತ್ತರ 13 ಮೀಟರ್. ವೇಗ ಗಂಟೆಗೆ 81 ಕಿ.ಮೀ. ಬೋರ್ಡಿನಲ್ಲಿ ಬರೆದರೆ ಯಾರೂ ತಿರುಗಿ ನೋಡದ ಅಂಕಿ.

ಹತ್ತಿದ ಮೇಲೆ ಅಂಕಿ ಎಲ್ಲ ಮರೆತುಹೋಯಿತು. ಬಂಡೆಯ ಗೋಡೆ ಕಾಲಿನ ಹತ್ತಿರ ಹತ್ತಿರ ಬಂತು. ಬೇಡವೆಂದರೂ ಮೊಣಕಾಲು ಮೇಲಕ್ಕೆಳೆದುಕೊಂಡೆ. ಕೆಂಪು ಬಣ್ಣದ ನೀರು ಹರಿಯುವ ತೋಡಿನ ಮೇಲೆ ತಿರುಗಿ, ಸುರಂಗದಂಥ ಜಾಗಕ್ಕೆ ನುಗ್ಗಿ, ತಲೆಕೆಳಗಾಗಿ ಹೊರಗೆ ಬಂದೆವು. ಆಕಾಶದಲ್ಲಿ ಎಷ್ಟೇ ಜೋರಾಗಿ ಹೋದರೂ ಪಕ್ಕದಲ್ಲಿ ಏನೂ ಇಲ್ಲದಿದ್ದರೆ ವೇಗ ಗೊತ್ತಾಗುವುದಿಲ್ಲ. ಇಲ್ಲಿ ಎಲ್ಲವೂ ಕೈಗೆಟಕುವ ದೂರದಲ್ಲಿ ಹಾರಿಹೋಗುತ್ತದೆ. ಇಳಿದಾಗ ಭಾವನ ಮುಖ ಬಿಳಿಚಿತ್ತು. "ಇನ್ನೊಂದ್ ಸಲ ಹೋಗೋಣ್ವಾ?" ಅಂತ ಅವರೇ ಕೇಳಿದರು. ಬ್ಯಾಗುಗಳನ್ನು ಹಿಡಿದು ನಿಂತಿದ್ದ ಅಕ್ಕ ನಮ್ಮಿಬ್ಬರನ್ನೂ ಬೈದಳು.

ಸಾಲಿನಲ್ಲಿ ಒಬ್ಬ ವಯಸ್ಸಾದ ಮನುಷ್ಯ ಮಾತಿಗೆ ಸಿಕ್ಕಿದರು. ಶುರುವಾದ ವರ್ಷದಿಂದ ಬರುತ್ತಿದ್ದಾರಂತೆ. ಬೆಳಿಗ್ಗೆಯ ರೈಡ್ ಲೆಕ್ಕಕ್ಕಿಲ್ಲ, ಸಂಜೆ ಮುಚ್ಚುವ ಹೊತ್ತಿಗೆ ಬನ್ನಿ, ಹಿಂದಿನ ಸಾಲಿಗೆ ನಿಲ್ಲಿ ಎಂದರು. ದಿನವಿಡೀ ಓಡಿ ಚಕ್ರ, ಗ್ರೀಸು ಬಿಸಿಯಾದರೆ ರೈಲು ಚುರುಕಾಗುತ್ತದೆ. ಸಂಜೆ ಹೋದೆವು. ಅವರ ಮಾತು ನಿಜ. 2022ರ ನವೆಂಬರಿನಲ್ಲಿ ಆ ಹಳೆಯ ಹಳಿಯನ್ನು ತೆಗೆಯಲು ನೆಮೆಸಿಸ್ ನಿಲ್ಲಿಸಿದರು ಅಂತ ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು. 2024ರ ಮಾರ್ಚಿನಲ್ಲಿ ಹೊಸ ಹಳಿಯೊಂದಿಗೆ ಮತ್ತೆ ಶುರುವಾಯಿತು. ದಾರಿಯನ್ನು ಮಾತ್ರ ಹೆಚ್ಚುಕಡಿಮೆ ಹಾಗೇ ಉಳಿಸಿಕೊಂಡರು. ಆ ಗುಂಡಿಯಲ್ಲಿ ಬೇರೆ ದಾರಿ ಹಾಕುವ ಧೈರ್ಯ ಯಾರಿಗೆ ಬರುತ್ತದೆ?

ನಮ್ಮ ಬೆಟ್ಟ, ನಮ್ಮ ಕ್ವಾರಿ

ಇದನ್ನೆಲ್ಲ ಕೇಳಿದವರು ಒಂದು ಮಾತು ಹೇಳುತ್ತಾರೆ. ಹಾಗಾದರೆ ಚಿಕ್ಕಮಗಳೂರಿಗಿಂತ ಒಳ್ಳೆಯ ಜಾಗ ಎಲ್ಲಿದೆ, ಮುಳ್ಳಯ್ಯನಗಿರಿಯಿಂದ ಕೆಳಕ್ಕೆ ಒಂದು ಹಳಿ ಹಾಕಿದರೆ ಲೋಕವೇ ಬರುತ್ತದೆ ಅಂತ. ಬಾಬಾಬುಡನ್‌ಗಿರಿ ದಾರಿಯಲ್ಲಿ ಹೋಗುವಾಗ ಆ ಗುಡ್ಡದ ಸಾಲಿನ ಮೇಲೆ ನಾನೂ ಕಣ್ಣಲ್ಲೇ ಹಳಿ ಎಳೆದಿದ್ದೇನೆ. ಎಲ್ಲಿ ತೇಲಬಹುದು, ಎಲ್ಲಿ ಬಾಗಬಹುದು ಅಂತ. ಆದರೆ ಕಟ್ಟುವ ಮಾತು ಬಂದರೆ ಬೇಡ, ಖಂಡಿತ ಬೇಡ. ಅಲ್ಲಿನ ಹುಲ್ಲುಗುಡ್ಡ, ನಡುವಿನ ಶೋಲಾ ಕಾಡು ಮಳೆನೀರು ಹಿಡಿದಿಟ್ಟುಕೊಂಡು ಕೆಳಗಿನ ಹಳ್ಳಗಳಿಗೆ ಬಿಡುತ್ತವೆ. ಶನಿವಾರ, ಭಾನುವಾರ ಬರುವ ಕಾರುಗಳ ಸಾಲನ್ನೇ ಆ ಗುಡ್ಡ ತಾಳಲಾರದೆ ನಿಂತಿದೆ. ಮರದ ತುದಿ ದಾಟಬಾರದು ಎಂಬ ಷರತ್ತಿನಿಂದ ಹುಟ್ಟಿದ ಕೋಸ್ಟರನ್ನು ಪ್ರೀತಿಸುವವನು ಕಾಡು ಕಡಿದು ಕೋಸ್ಟರ್ ಕೇಳಲಾರ.

ನನ್ನ ಕಣ್ಣು ಇರುವುದು ಹಾಸನದ ಸುತ್ತ ಕಲ್ಲು ತೆಗೆದು ಬಿಟ್ಟುಹೋದ ಕ್ವಾರಿಗಳ ಮೇಲೆ. ಅಲ್ಲಿ ಬಂಡೆ ಆಗಲೇ ಒಡೆದಾಗಿದೆ. ಗುಂಡಿ ಆಗಲೇ ಇದೆ. ಪಿಟ್ಸ್‌ಬರ್ಗ್ ಹತ್ತಿರದ ಕೆನಿವುಡ್ ಪಾರ್ಕಿನಲ್ಲಿ ಜ್ಯಾಕ್ ರ್‍ಯಾಬಿಟ್ ಎಂಬ ಮರದ ಕೋಸ್ಟರ್ ಇದೆ. 1920ರದ್ದು, ಅದೇ ಜಾನ್ ಮಿಲ್ಲರ್ ಮಾಡಿದ್ದು. ಅಲ್ಲಿನ ಕೊರಕಲನ್ನೇ ಬಳಸಿಕೊಂಡ ಕಾರಣ ರೈಲು ಶುರುವಿನಲ್ಲೇ ಇಳಿಯುತ್ತದೆ. ಚೈನ್ ಎಳೆದು ಮೇಲೆ ಹತ್ತಿಸುವುದು ಆಮೇಲೆ. ಕ್ವಾರಿಗೂ ಅದೇ ಸರಿ. ರೈಲು ಅಂಚಿನಲ್ಲಿ ನಿಂತಿರಲಿ. ಸದ್ದಿಲ್ಲದೆ ಒಂದು ತಿರುವು ತಿರುಗಿ ನೇರ ಗುಂಡಿಗೆ ಇಳಿಯಲಿ. ಗೋಡೆಯ ಪಕ್ಕಕ್ಕೆ ಒರಗಿ ಹೋಗಲಿ. ತಳದ ನೀರನ್ನು ಬತ್ತಿಸುವುದು ಬೇಡ, ಅದರ ಮೇಲೆ ಮೂರು ಪುಟ್ಟ ದಿಬ್ಬ ಸಾಲಾಗಿ ಬರಲಿ, ಮೂರರಲ್ಲೂ ತೇಲಬೇಕು. ಆಮೇಲೆ ಒಂದು ಕಡೆ ನಿಧಾನವಾಗಲಿ. ಕಲ್ಲಿನಲ್ಲಿ ಉಳಿ ಹೊಡೆದ ಗುರುತು ಕಾಣುವಷ್ಟು ನಿಧಾನ. ಕೊನೆಗೆ ಚೈನ್ ಹಿಡಿದು ಮೇಲಕ್ಕೆ. ಲೂಪ್ ಬೇಡ, ಭುಜದ ಕಂಬಿಯೂ ಬೇಡ, ತೊಡೆಯ ಮೇಲಿನ ಕಂಬಿ ಸಾಕು. ಸಂಜೆ ಏಳರವರೆಗೆ ಓಡಿಸಬೇಕು. ಮತ್ತೆ ಹಿಂದಿನ ಸೀಟು ಬೇಕು ಅನ್ನುವವರಿಗೆ ಬೇರೆ ಸಾಲು ಇರಬೇಕು. ಅದಕ್ಕೆ ಎಷ್ಟು ಹೊತ್ತು ಕಾಯಬೇಕಾದರೂ ಕಾಯುವವರು ಬರುತ್ತಾರೆ, ನೋಡಿ.